ಮೂರು ಅಗಲದ ಕಂಬಿಗಳು

ರೈಲಿನ ಚರಿತ್ರೆಯನ್ನು ಹೇಳುವವರು ಮೊದಲ ಗಾಡಿ ಎಂದು ಓಡಿತು, ಎಷ್ಟು ಮೈಲಿ ಓಡಿತು, ಯಾವ ಪ್ರಭುಗಳ ಕಾಲದಲ್ಲಿ ಓಡಿತು ಎಂಬುದರಿಂದ ಆರಂಭಿಸುವುದು ವಾಡಿಕೆ. ಆ ವಿವರಗಳೂ ಬೇಕಾದವೇ. ಆದರೆ ಈ ಚರಿತ್ರೆಯನ್ನು ತಿಳಿಯಲು ಇನ್ನೊಂದು ಸುಲಭವಾದ ಉಪಾಯವುಂಟು. ಅದು ಎರಡು ಕಂಬಿಗಳ ನಡುವಣ ಅಗಲವನ್ನು ಅಳೆದು ನೋಡುವುದು. ಈ ಅಗಲವನ್ನು ರೈಲ್ವೆಯವರು ಗೇಜು ಎನ್ನುತ್ತಾರೆ. ಬೆಂಗಳೂರಿನ ಸುತ್ತಲಿನ ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಕಾಲಕ್ಕೆ ಮೂರು ಬೇರೆ ಬೇರೆ ಅಗಲದ ಕಂಬಿಗಳಿದ್ದವು. ಹೊಸಕೋಟೆ ತಾಲ್ಲೂಕಿನ ಅಂಚಿನಲ್ಲಿ ಹಾದುಹೋಗುವುದು ಐದೂವರೆ ಅಡಿಯದು. ನೆಲಮಂಗಲ ಮತ್ತು ದೊಡ್ಡಬಳ್ಳಾಪುರದ ಕಡೆಗೆ ಹೋಗುತ್ತಿದ್ದುದು ಒಂದು ಮೀಟರಿನದು. ದೇವನಹಳ್ಳಿಗೆ ಬಂದದ್ದು ಬರಿಯ ಎರಡೂವರೆ ಅಡಿಯದು.

ಒಂದೇ ಸೀಮೆ, ಒಂದೇ ಮಣ್ಣು, ಒಂದೇ ರಾಗಿಯ ಹೊಲ. ಕಂಬಿ ಮಾತ್ರ ಮೂರು ಬಗೆ. ಇದು ಏಕೆ ಹೀಗಾಯಿತು? ಪ್ರತಿಯೊಂದು ಅಗಲದ ಹಿಂದೆಯೂ ಒಂದು ಉದ್ದೇಶವಿದೆ, ಹಣ ಕೊಟ್ಟವರ ಕೈಯಳತೆಯಿದೆ. ಅಗಲವಾದ ಕಂಬಿ ದಂಡಿಗಾಗಿ ಬಂದಿತು; ನಡುವಣದು ಬರಗಾಲದಿಂದ ಬಂದಿತು; ಕಿರಿದಾದದ್ದು ಸಂತೆಗಾಗಿ ಬಂದಿತು. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಹಿಂದೂಸ್ಥಾನದಲ್ಲಿ ಪ್ರಯಾಣಿಕರ ಮೊದಲ ರೈಲು ೧೮೫೩ನೆಯ ಇಸವಿ ಏಪ್ರಿಲ್ ೧೬ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ೨೧ ಮೈಲಿ ಓಡಿತು. ಅದಕ್ಕೆ ಮುಂಚೆಯೇ ಕಂಬಿಯ ಅಗಲದ ಬಗ್ಗೆ ದೊಡ್ಡ ಚರ್ಚೆ ನಡೆದಿತ್ತು. ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಅಗಲ ೪ ಅಡಿ ೮½ ಅಂಗುಲ. ಆ ಅಗಲವೇ ಇಲ್ಲಿಗೂ ಸಾಕೆಂದು ಕಂಪನಿಯ ನಿರ್ದೇಶಕರು ಹೇಳಿದರೆ, ಗವರ್ನರ್ ಜನರಲ್ ಡಾಲ್‌ಹೌಸಿ ಆರು ಅಡಿ ಬೇಕೆಂದನು. ಕೊನೆಗೆ ೫ ಅಡಿ ೬ ಅಂಗುಲವೆಂದು ನಿಷ್ಕರ್ಷೆಯಾಯಿತು. ಭಾರವಾದ ಸರಕು, ದಂಡಿನ ಜನ, ಕುದುರೆ, ಫಿರಂಗಿ ಎಲ್ಲವನ್ನೂ ವಿಶಾಲವಾದ ದೇಶದ ಉದ್ದಗಲಕ್ಕೆ ಸಾಗಿಸಲು ಅಗಲವಾದ ಹಾದಿಯೇ ಲೇಸೆಂಬುದು ಅಂದಿನ ಎಣಿಕೆ.

ದಕ್ಷಿಣದಲ್ಲಿ ಮದರಾಸು ರೈಲ್ವೆ ಕಂಪನಿಯವರು ೧೮೫೬ನೆಯ ಜುಲೈ ೧ರಂದು ರಾಯಪುರದಿಂದ ಆರ್ಕಾಟಿನ ಕಡೆಗೆ ಗಾಡಿ ಓಡಿಸಿದರು. ಅದೇ ಹಾದಿ ಮುಂದುವರಿದು ಜೋಲಾರಪೇಟೆಯಲ್ಲಿ ಕವಲೊಡೆದು ೧೮೬೪ನೆಯ ಆಗಸ್ಟ್ ೧ರಂದು ಬೆಂಗಳೂರನ್ನು ಮುಟ್ಟಿತು. ಆದರೆ ಅದು ಯಾವ ಬೆಂಗಳೂರು ಎಂಬುದನ್ನು ಗಮನಿಸಬೇಕು. ಕೆಂಪೇಗೌಡನ ಪೇಟೆಗೆ ಅದು ಬರಲಿಲ್ಲ, ಬಂದದ್ದು ದಂಡಿಗೆ. ಶ್ರೀರಂಗಪಟ್ಟಣದ ಹವೆ ಒಗ್ಗದೆ ೧೮೦೯ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಇಂಗ್ಲಿಷ್ ಸೈನ್ಯದ ನೆಲೆ ಅದು. ಆ ನಿಲ್ದಾಣವನ್ನು ನಾವು ಇಂದಿಗೂ ದಂಡು ಎಂದೇ ಕರೆಯುತ್ತೇವೆ. ಆಗ ಸಂಸ್ಥಾನದ ಆಡಳಿತ ಅರಸರ ಕೈಯಲ್ಲಿರಲಿಲ್ಲ. ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅದನ್ನು ತೆಗೆದುಕೊಂಡ ಇಂಗ್ಲಿಷರು ಕಮಿಷನರ ಮೂಲಕ ನಡೆಸುತ್ತಿದ್ದರು. ರೈಲು ಬಂದಾಗ ಇದ್ದ ಕಮಿಷನರು ಬೌರಿಂಗ್. ಬೌರಿಂಗ್‌ಪೇಟೆ ಎಂಬ ಊರು ಅವನ ಹೆಸರನ್ನು ಬಹುಕಾಲ ಹೊತ್ತಿದ್ದು, ಈಗ ಬಂಗಾರಪೇಟೆಯಾಗಿದೆ.

ಈ ಹಾದಿ ಮಾಲೂರು, ದೇವನಗೊಂದಿ, ವೈಟ್‌ಫೀಲ್ಡುಗಳ ಮೇಲೆ ಬೆಂಗಳೂರಿಗೆ ಬರುತ್ತದೆ. ದೇವನಗೊಂದಿ ಹೊಸಕೋಟೆ ತಾಲ್ಲೂಕಿಗೆ ಸೇರಿದ್ದು. ಎಂದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಉಗಿಬಂಡಿಯ ಕೂಗನ್ನು ಕೇಳಿದ್ದು ಹೊಸಕೋಟೆಯ ಸೀಮೆಯೇ. ಆದರೆ ಹೊಸಕೋಟೆಯ ಪಟ್ಟಣಕ್ಕೆ ಅದರ ಪ್ರಯೋಜನ ನೇರವಾಗಿ ಸಿಗಲಿಲ್ಲ. ಹಳೆಯ ಮದರಾಸು ರಸ್ತೆಯ ಮೇಲಿದ್ದು ಗಾಡಿಗಳ ಸಾಲನ್ನು ಕಂಡಿದ್ದ ಆ ಊರನ್ನು ರೈಲು ಮಗ್ಗುಲಿಗೆ ಬಿಟ್ಟು ದಕ್ಷಿಣದ ಕಡೆಯಿಂದ ಹಾದುಹೋಯಿತು. ಮದರಾಸಿನ ಬಂದರಿಗೂ ಬೆಂಗಳೂರಿನ ದಂಡಿಗೂ ನಡುವೆ ದಾರಿ ಹಾಕುವವರಿಗೆ ನಡುವಣ ಊರುಗಳ ಸಂತೆ, ಸರಕುಗಳು ಮೊದಲ ಚಿಂತೆಯಾಗಿರಲಿಲ್ಲ.

ಹಾದಿ ಬೆಂಗಳೂರಿಗೆ ಬಂದು ನಿಂತಿತು. ಒಂದಲ್ಲ, ಎರಡಲ್ಲ, ಹದಿನಾರು ವರ್ಷಗಳ ಕಾಲ ಅಲ್ಲಿಂದ ಒಳನಾಡಿಗೆ ಒಂದು ಗಾಡಿಯೂ ಓಡಲಿಲ್ಲ. ಹಾಗೆ ನಿಂತದ್ದಕ್ಕೆ ಎಂತಹ ಬೆಲೆ ತೆರಬೇಕಾಯಿತೆಂಬುದು ಧಾತು ಈಶ್ವರದ ಬರದಲ್ಲಿ ತಿಳಿಯಿತು. ೧೮೭೬ ಮತ್ತು ೧೮೭೭ನೆಯ ಇಸವಿಗಳಿಗೆ ಸಲ್ಲುವ ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರನ್ನು ಹಳೆಯ ತಲೆಮಾರಿನವರು ನಿಟ್ಟುಸಿರಿಲ್ಲದೆ ಹೇಳುತ್ತಿರಲಿಲ್ಲ. ಮಳೆ ಹೋಯಿತು, ಕೆರೆಗಳು ಬತ್ತಿದವು, ರಾಗಿಯ ಹಗೇವುಗಳು ಬರಿದಾದವು.

ಹಡಗುಗಳಲ್ಲಿ ಮದರಾಸಿಗೆ ಬಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ತುಮಕೂರಿಗೆ, ಚಿತ್ರದುರ್ಗಕ್ಕೆ, ಹಾಸನಕ್ಕೆ ಒಯ್ಯುವುದು ಹೇಗೆ? ಗಾಡಿಯಲ್ಲಿ ಒಯ್ಯಬೇಕು. ಗಾಡಿಗೆ ಎತ್ತು ಬೇಕು. ಎತ್ತಿಗೆ ಮೇವು, ನೀರು ಬೇಕು. ಮೇವಿಲ್ಲದೆ ಎತ್ತುಗಳೂ ಮನುಷ್ಯರಷ್ಟೇ ಬೇಗ ಸಾಯುತ್ತಿದ್ದವು. ಬೆಂಗಳೂರಿನಲ್ಲಿ ಮೂಟೆಗಳು ರಾಶಿ ಬಿದ್ದಿದ್ದರೂ ನಲವತ್ತು ಐವತ್ತು ಮೈಲಿ ದೂರದ ಹಳ್ಳಿಗಳಲ್ಲಿ ಜನ ಅನ್ನವಿಲ್ಲದೆ ಉರುಳಿದರು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ೫೦,೫೫,೪೧೨. ಹತ್ತು ವರ್ಷ ಕಳೆದು ೧೮೮೧ರಲ್ಲಿ ಎಣಿಸಿದಾಗ ೪೧,೮೬,೧೮೮. ಬೆಳೆಯಬೇಕಾಗಿದ್ದ ಸಂಖ್ಯೆ ೮ ಲಕ್ಷ ೬೯ ಸಾವಿರದಷ್ಟು ಕುಗ್ಗಿತ್ತು. ಎಷ್ಟು ಹಳ್ಳಿಗಳಲ್ಲಿ ದೀಪ ಹಚ್ಚುವವರಿಲ್ಲದೆ ಹೋಯಿತೆಂಬುದನ್ನು ಈ ಎರಡು ಅಂಕೆಗಳಿಂದ ಊಹಿಸಿಕೊಳ್ಳಬಹುದು. ಧಾನ್ಯವಿಲ್ಲದುದೊಂದೇ ಈ ಸಾವಿಗೆ ಕಾರಣವಲ್ಲ. ಕೊಳ್ಳಲು ಕಾಸಿಲ್ಲದುದು, ಪರಿಹಾರ ತಡವಾದದ್ದು, ರೋಗರುಜಿನಗಳು ಎಲ್ಲವೂ ಸೇರಿದ್ದವು. ಆದರೆ ಇದ್ದ ಧಾನ್ಯವೂ ತಲುಪದೆ ಹೋದದ್ದಕ್ಕೆ ಹಾದಿಯಿಲ್ಲದುದೇ ದೊಡ್ಡ ಕಾರಣ.

ಎರಡನೆಯ ಅಗಲದ ಕಂಬಿ ಹುಟ್ಟಿದ್ದು ಈ ಸಂಕಟದಲ್ಲಿ. ೧೮೭೭ರಲ್ಲಿ ವೈಸರಾಯ್ ಲಿಟ್ಟನ್ ಇಲ್ಲಿಗೆ ಬಂದುಹೋದ ಮೇಲೆ, ಕ್ಷಾಮಕ್ಕಾಗಿಯೇ ನೇಮಕವಾದ ಎಲಿಯಟ್ ಎಂಬ ಅಧಿಕಾರಿಯ ಆಡಳಿತದಲ್ಲಿ, ಕೈಕಾಲಾಡುವವರನ್ನು ದೊಡ್ಡ ಕಾಮಗಾರಿಗಳಿಗೆ ಹಚ್ಚುವುದೆಂದಾಯಿತು. ಬೆಂಗಳೂರಿನಿಂದ ಮೈಸೂರಿಗೆ ರೈಲಿನ ಏರಿ ಹಾಕುವ ಮಣ್ಣುಕೆಲಸ ಅವುಗಳಲ್ಲಿ ಮುಖ್ಯವಾದದ್ದು. ಹಸಿದವರು ಹೊತ್ತ ಮಣ್ಣಿನ ಬುಟ್ಟಿಗಳಿಂದ ಎದ್ದ ಏರಿಯ ಮೇಲೆ ಮುಂದೆ ಕಂಬಿ ಬಂದಿತು. ಇಂದು ಹವಾನಿಯಂತ್ರಿತ ಡಬ್ಬಿಯಲ್ಲಿ ಕುಳಿತು ಮೈಸೂರಿಗೆ ಹೋಗುವವರು ರಾಮನಗರದ ಬಂಡೆಗಳನ್ನು ನೋಡುತ್ತಾರೆ. ಚಕ್ರದ ಕೆಳಗಿನ ಆ ಮಣ್ಣನ್ನೂ ಒಮ್ಮೆ ನೆನೆಯುವುದು ಉಚಿತ.

ಈ ಹಾದಿಗೆ ಐದೂವರೆ ಅಡಿಯ ಅಗಲವಿರಲಿಲ್ಲ. ೧೮೭೦ರ ಹೊತ್ತಿಗೆ ಇಂಡಿಯಾ ಸರ್ಕಾರಕ್ಕೆ ಅಗಲದ ಹಾದಿಯ ಖರ್ಚು ಭಾರವಾಗಿತ್ತು. ವೈಸರಾಯ್ ಮೇಯೋ ಅಗ್ಗವಾದ ಕಿರಿಯ ಹಾದಿಯನ್ನು ಆರಿಸಿದನು. ಹಿಂದೂಸ್ಥಾನದಲ್ಲಿ ದಶಮಾನದ ಅಳತೆಗಳು ಬೇಗನೆ ಜಾರಿಗೆ ಬರುವುವೆಂಬ ನಂಬಿಕೆಯಿಂದ ಅದರ ಅಗಲವನ್ನು ಸರಿಯಾಗಿ ಒಂದು ಮೀಟರ್ ಎಂದು ಇಟ್ಟರು. ಎಂದರೆ ೩ ಅಡಿ ೩ ಅಂಗುಲಕ್ಕೆ ತುಸು ಮೇಲೆ. ಅಳತೆಗಳು ಮಾತ್ರ ಬೇಗ ಬರಲಿಲ್ಲ. ಮೀಟರು ನಮ್ಮ ಬಟ್ಟೆಯಂಗಡಿಗೆ ಬರುವುದಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಮುಂಚೆಯೇ ರೈಲಿನ ಕಂಬಿಗೆ ಬಂದಿತ್ತೆಂಬುದು ವಿನೋದದ ಸಂಗತಿ.

೧೮೮೧ನೆಯ ಮಾರ್ಚಿಯಲ್ಲಿ ರಾಜ್ಯ ಮರಳಿ ಒಡೆಯರ ಮನೆತನಕ್ಕೆ ಬಂದಾಗ ಸಂಸ್ಥಾನದ ತಲೆಯ ಮೇಲೆ ಕ್ಷಾಮದ ಸಾಲವೇ ೮೦ ಲಕ್ಷ ರೂಪಾಯಿ ಇತ್ತು. ಅಂತಹ ಸ್ಥಿತಿಯಲ್ಲಿಯೂ ದಿವಾನ್ ರಂಗಾಚಾರ್ಲು ಅವರು ರೈಲಿನ ಕೆಲಸವನ್ನು ಕೈಬಿಡಲಿಲ್ಲ. ೧೮೮೨ರಲ್ಲಿ ಹಾದಿ ಮೈಸೂರನ್ನು ಮುಟ್ಟಿತು. ೮೬ ಮೈಲಿಗೆ ತಗುಲಿದ ವೆಚ್ಚ ಸುಮಾರು ೫೫ ಲಕ್ಷ. ಮುಂದೆ ತುಮಕೂರು, ತಿಪಟೂರುಗಳ ಕಡೆಗೆ ಹಾದಿ ಬೆಳೆಸಲು ಸಂಸ್ಥಾನದೊಳಗೇ ೨೦ ಲಕ್ಷ ರೂಪಾಯಿಯ ಸಾಲವನ್ನು ಎತ್ತಿದರು. ಬರ ಬಂದಾಗ ಧಾನ್ಯ ಒಳನಾಡಿಗೆ ಹರಿಯಬೇಕು, ಬೆಳೆ ಬಂದಾಗ ರೈತನ ಸರಕು ಹೊರನಾಡಿಗೆ ಹರಿಯಬೇಕು ಎಂಬ ಎರಡು ಮುಖದ ಪ್ರಯೋಜನ ಅದರಲ್ಲಿತ್ತು.

೧೮೮೪ರಲ್ಲಿ ಗಾಡಿ ತುಮಕೂರಿಗೆ ಹೋಯಿತು. ಆ ಹಾದಿ ನೆಲಮಂಗಲ ತಾಲ್ಲೂಕಿನ ದೊಡ್ಡಬೆಲೆ, ನಿಡವಂದಗಳನ್ನು ಮುಟ್ಟಿಕೊಂಡು ಹೋಗುತ್ತದೆ. ನೆಲಮಂಗಲದ ಪೇಟೆಯನ್ನು ಮಾತ್ರ ಮುಟ್ಟಲಿಲ್ಲ. ೧೮೮೯ರ ಹೊತ್ತಿಗೆ ಕಂಬಿ ತುಂಗಭದ್ರೆಯ ದಡದ ಹರಿಹರವನ್ನು ಸೇರಿ, ಅಲ್ಲಿಂದಾಚೆಗೆ ಹುಬ್ಬಳ್ಳಿ, ಪುಣೆಗಳ ಕಡೆಯ ಹಾದಿಯೊಡನೆ ಬೆಸೆದುಕೊಂಡಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೨–೯೩ರಲ್ಲಿ, ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೇಲೆ ಹಿಂದೂಪುರದ ಕಡೆಗೆ ಸುಮಾರು ೫೧ ಮೈಲಿಯ ಹಾದಿ ತೆರೆಯಿತು. ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟಗಳ ನಡುವೆ ಬಳಸುತ್ತ ಇಳಿಯುವ ಆ ದಾರಿಯನ್ನು ಕಂಡವರು ಮರೆಯಲಾರರು. ನೇಕಾರರ ಊರಾದ ದೊಡ್ಡಬಳ್ಳಾಪುರಕ್ಕೆ ನೂಲು ಬರುವುದಕ್ಕೂ ಸೀರೆ ಹೋಗುವುದಕ್ಕೂ ಬಾಗಿಲಲ್ಲೇ ಹಾದಿಯಾಯಿತು.

ಆದರೆ ಕೈಯಲ್ಲಿ ಹಣ ಸಾಲದವನು ಕಟ್ಟಿದ ಮನೆಯನ್ನು ಅಡವಿಡಬೇಕಾಗುತ್ತದೆ. ೧೮೮೬ರಲ್ಲಿ ಸಂಸ್ಥಾನವು ತನ್ನ ರೈಲುದಾರಿಯನ್ನು ದಕ್ಷಿಣ ಮರಾಠಾ ರೈಲ್ವೆ ಕಂಪನಿಗೆ ಆಧಾರವಾಗಿ ಒಪ್ಪಿಸಿ, ಹಾದಿಯನ್ನು ಮುಂದುವರಿಸುವ ಕೆಲಸವನ್ನೂ ಗಾಡಿ ಓಡಿಸುವ ಹೊಣೆಯನ್ನೂ ಅದಕ್ಕೆ ವಹಿಸಿತು. ನೆಲ ನಮ್ಮದು, ಏರಿ ನಮ್ಮದು, ಗಾಡಿ ಓಡಿಸುವವರು ಮಾತ್ರ ಹೊರಗಿನವರು ಎಂಬಂತಾಯಿತು. ೧೯೧೯ರಲ್ಲಿ ಬೆಂಗಳೂರು–ಮೈಸೂರು ದಾರಿಯೂ, ೧೯೩೮ರಲ್ಲಿ ಬೆಂಗಳೂರು–ಹರಿಹರದ ದಾರಿಯೂ ಮರಳಿ ಸಂಸ್ಥಾನದ ಆಡಳಿತಕ್ಕೆ ಬಂದವು. ಬಿಡಿಸಿಕೊಳ್ಳಲು ಅರ್ಧ ಶತಮಾನ ಹಿಡಿಯಿತು.

ಮೂರನೆಯ ಅಗಲಕ್ಕೆ ಬರೋಣ. ಬೆಂಗಳೂರಿನ ಈಶಾನ್ಯಕ್ಕೆ ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಎಂದು ಒಂದರ ಹಿಂದೆ ಒಂದು ಸಂತೆಯ ಊರುಗಳಿವೆ. ರೇಷ್ಮೆ, ಆಲೂಗೆಡ್ಡೆ, ಹುಣಿಸೆ, ತರಕಾರಿಗಳ ಸೀಮೆ ಇದು. ಕೋಲಾರದ ಚಿನ್ನದ ಗಣಿಗೆ ಬೌರಿಂಗ್‌ಪೇಟೆಯಿಂದ ೧೮೯೪ರಲ್ಲಿಯೇ ಅಗಲವಾದ ಕಂಬಿ ಹೋಗಿತ್ತು. ಚಿನ್ನಕ್ಕೆ ಸಿಕ್ಕಿದ ಹಾದಿ ಚಿನ್ನದಂಥ ಬೆಳೆಗೆ ಸಿಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ದಂಡೂ ಗಣಿಯೂ ಇಲ್ಲದ ಊರುಗಳಿಗೆ ದೊಡ್ಡ ಬಂಡವಾಳದ ಕಂಪನಿಗಳು ತಾವಾಗಿ ಬರುವುದಿಲ್ಲ.

ಆಗ ಬಂದದ್ದು ಎರಡೂವರೆ ಅಡಿಯ ಲೈಟ್ ರೈಲ್ವೆ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ೧೯೧೩ರಲ್ಲಿ ಹಾದಿಯಾಯಿತು. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿಯ ಹಾದಿ ಯಲಹಂಕ, ದೇವನಹಳ್ಳಿಗಳ ಮೇಲೆ ೧೯೧೫ರಲ್ಲಿ ಚಿಕ್ಕಬಳ್ಳಾಪುರವನ್ನು ಸೇರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಇವೆರಡೂ ಕೂಡಿಕೊಂಡು ಯಲಹಂಕದಿಂದ ಬಂಗಾರಪೇಟೆಯವರೆಗೆ ಸುಮಾರು ೧೫೦ ಕಿಲೋಮೀಟರಿನ ಒಂದೇ ಸಣ್ಣ ಹಾದಿಯಾಯಿತು. ಆಗ ದಿವಾನರಾಗಿದ್ದವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು.

ಎರಡೂವರೆ ಅಡಿಯ ಹಾದಿಯಲ್ಲಿ ಹಲವು ಅನುಕೂಲಗಳಿದ್ದವು. ನೆಲ ಕಡಿಮೆ ಬೇಕು, ಕಂಬಿ ಹಗುರ, ಸೇತುವೆ ಸಣ್ಣದು, ಗುಡ್ಡ ಅಡ್ಡ ಬಂದರೆ ಕಡಿಯದೆ ಸುತ್ತಿಕೊಂಡು ಹೋಗಬಹುದು. ಎತ್ತಿನಗಾಡಿಗಿಂತ ಬೇಗ, ದೊಡ್ಡ ರೈಲಿಗಿಂತ ನಿಧಾನ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಎಂದು ಹಳ್ಳಿಯಿಂದ ಹಳ್ಳಿಗೆ ನಿಲ್ಲುತ್ತ ಹೋಗುವ ಈ ಪುಟ್ಟ ಗಾಡಿ ಅಗಲದ ಕಂಬಿಯವರು ಮಾಡದ ಕೆಲಸವನ್ನು ಮಾಡಿತು. ಅದು ನಡುವಣ ಊರುಗಳಿಗಾಗಿಯೇ ಹುಟ್ಟಿದ ಹಾದಿ.

ದೋಷವೂ ಅದರಲ್ಲಿಯೇ ಇತ್ತು. ಚಿಕ್ಕಬಳ್ಳಾಪುರದಲ್ಲಿ ಒಂದು ಮೂಟೆ ಆಲೂಗೆಡ್ಡೆ ಗಾಡಿ ಹತ್ತಿತೆನ್ನಿ. ಅದು ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಸಣ್ಣ ಡಬ್ಬಿಯಿಂದ ಇಳಿದು ಹಮಾಲಿಯ ಬೆನ್ನೇರಿ ದೊಡ್ಡ ಡಬ್ಬಿಗೆ ಹತ್ತಬೇಕು. ಹರಿಹರಕ್ಕೆ ಹೋಗಬೇಕಾದರೆ ಯಲಹಂಕದ ಕಡೆ ಬಂದು ಮೀಟರಿನ ಡಬ್ಬಿಗೆ ಬದಲಾಗಬೇಕು. ಹೀಗೆ ಇಳಿಸಿ ಏರಿಸುವಾಗ ಕೂಲಿಯ ಖರ್ಚು, ತಡ, ಮಳೆಗೆ ನೆನೆದು ಕೊಳೆತ ಸರಕಿನ ನಷ್ಟ ಎಲ್ಲವೂ ಕೊನೆಗೆ ಬೀಳುತ್ತಿದ್ದುದು ರೈತನ ಲೆಕ್ಕಕ್ಕೇ. ಮೂರು ಅಗಲಗಳು ಸೇರುವ ಸೀಮೆಯಲ್ಲಿ ಹಾದಿಗಳು ಒಂದರ ಪಕ್ಕ ಒಂದು ಇದ್ದರೂ ಒಂದರ ಗಾಡಿ ಇನ್ನೊಂದರ ಮೇಲೆ ಓಡಲಾರದು.

ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕ ದೇಶದ ರೈಲಿನ ಚರಿತ್ರೆಯಲ್ಲಿ ಎಲ್ಲರಿಗೂ ತಿಳಿದಿರುವ ದಿನ ೧೮೬೯ನೆಯ ಮೇ ೧೦. ಪೂರ್ವದಿಂದ ಬಂದ ಹಾದಿಯೂ ಪಶ್ಚಿಮದಿಂದ ಬಂದ ಹಾದಿಯೂ ಯೂಟಾ ಪ್ರಾಂತದ ಪ್ರಾಮಂಟರಿ ಎಂಬಲ್ಲಿ ಕೂಡಿದವು. ಕೂಡಿದ ಗುರುತಿಗೆ ಚಿನ್ನದ ಮೊಳೆಯನ್ನು ಇಟ್ಟರು. ಆ ಎರಡು ಹಾದಿಗಳು ಒಂದೇ ಅಗಲದವಾಗಿದ್ದುದರಿಂದ ಕೂಡುವುದು ಸಾಧ್ಯವಾಯಿತು. ಆದರೆ ಅದೇ ದೇಶದ ದಕ್ಷಿಣ ಭಾಗದಲ್ಲಿ ಬಹುಪಾಲು ಹಾದಿ ಐದು ಅಡಿಯದಾಗಿತ್ತು. ಉತ್ತರದ ಡಬ್ಬಿ ದಕ್ಷಿಣಕ್ಕೆ ಹೋಗಲು ನಮ್ಮಲ್ಲಿದ್ದಂತೆಯೇ ತೊಂದರೆ. ಅಲ್ಲಿನ ಕಂಪನಿಗಳೆಲ್ಲ ಸೇರಿ ದಿನವನ್ನು ಗೊತ್ತುಮಾಡಿ, ಮೊದಲೇ ಹೊಸ ಮೊಳೆಗಳನ್ನು ಜಡಿದಿಟ್ಟು, ೧೮೮೬ನೆಯ ಮೇ ೩೧ ಮತ್ತು ಜೂನ್ ೧ ಎಂಬ ಎರಡೇ ದಿನಗಳಲ್ಲಿ ಸುಮಾರು ೧೧,೫೦೦ ಮೈಲಿ ಹಾದಿಯ ಒಂದೊಂದು ಕಂಬಿಯನ್ನು ಮೂರು ಅಂಗುಲ ಒಳಕ್ಕೆ ಸರಿಸಿಬಿಟ್ಟರು. ಸಾವಿರಾರು ಕೂಲಿಗಳ ಕೈ ಒಟ್ಟಿಗೆ ಆಡಿದ ಕೆಲಸ ಅದು.

ಅಲ್ಲಿ ಎರಡು ದಿನದಲ್ಲಿ ಆದದ್ದು ಇಲ್ಲಿ ಏಕೆ ಆಗಲಿಲ್ಲವೆಂದು ಕೇಳುವುದು ಸಹಜ. ಅಲ್ಲಿ ಸರಿಸಬೇಕಾಗಿದ್ದುದು ಮೂರು ಅಂಗುಲ. ಮೀಟರಿನ ಹಾದಿಗೂ ಐದೂವರೆ ಅಡಿಯ ಹಾದಿಗೂ ನಡುವೆ ಎರಡು ಅಡಿಗೂ ಮಿಕ್ಕಿದ ಅಂತರವಿದೆ. ಅಡ್ಡದಿಮ್ಮಿ, ಏರಿ, ಸೇತುವೆ, ನಿಲ್ದಾಣದ ಕಟ್ಟೆ, ಎಂಜಿನ್ನು, ಡಬ್ಬಿ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಮೊದಲ ದಿನ ಮಿತವ್ಯಯವೆಂದು ಕಂಡದ್ದು ನೂರು ವರ್ಷಗಳ ಮೇಲೆ ಎರಡನೆಯ ಬಾರಿ ಹಣ ತೆರುವಂತೆ ಮಾಡಿತು. ಹಾಗೆಂದು ರಂಗಾಚಾರ್ಲು ಅವರ ಕಾಲದವರನ್ನು ದೂರುವುದು ನ್ಯಾಯವಲ್ಲ. ಬೊಕ್ಕಸ ಬರಿದಾಗಿರುವಾಗ ಅಗಲದ ಹಾದಿಗಾಗಿ ಕಾದಿದ್ದರೆ ಯಾವ ಹಾದಿಯೂ ಆಗುತ್ತಿರಲಿಲ್ಲ.

೧೯೫೧ನೆಯ ಏಪ್ರಿಲ್ ೧೪ರಂದು ಮೈಸೂರು ರೈಲ್ವೆಯು ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ, ದಕ್ಷಿಣ ಇಂಡಿಯಾ ರೈಲ್ವೆಗಳೊಡನೆ ಕೂಡಿ ದಕ್ಷಿಣ ರೈಲ್ವೆಯಾಯಿತು. ಒಡೆತನ ಒಂದಾಯಿತು, ಅಗಲ ಒಂದಾಗಲಿಲ್ಲ. ದೊಡ್ಡಬಳ್ಳಾಪುರದ ಹಾದಿ ೧೯೮೦ರ ದಶಕದಲ್ಲಿ ಅಗಲವಾಯಿತು. ದೇಶಕ್ಕೆಲ್ಲ ಒಂದೇ ಅಗಲವಿರಬೇಕೆಂಬ ದೊಡ್ಡ ಯೋಜನೆ ೧೯೯೨ರಲ್ಲಿ ಆರಂಭವಾದ ಮೇಲೆ ಮೈಸೂರಿನ ಹಾದಿಯೂ, ಯಲಹಂಕದಿಂದ ಚಿಕ್ಕಬಳ್ಳಾಪುರದ ಹಾದಿಯೂ ಅದೇ ದಶಕದಲ್ಲಿ ಬದಲಾದವು. ಆದರೆ ಚಿಕ್ಕಬಳ್ಳಾಪುರಕ್ಕೂ ಕೋಲಾರಕ್ಕೂ ನಡುವಣ ಸಣ್ಣ ಹಾದಿಯನ್ನು ಮುಚ್ಚಿದ ಮೇಲೆ ದೊಡ್ಡದು ಬರಲು ೨೦೧೩ರವರೆಗೆ ಕಾಯಬೇಕಾಯಿತು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳಲ್ಲಿ ಅಷ್ಟು ವರ್ಷ ರೈಲಿನ ಸದ್ದೇ ಇರಲಿಲ್ಲ. ಅಷ್ಟರಲ್ಲಿ ಸರಕು ಲಾರಿಯನ್ನು ನೆಚ್ಚಿಕೊಂಡಿತು, ಜನ ಬಸ್ಸನ್ನು ನೆಚ್ಚಿಕೊಂಡರು. ಒಮ್ಮೆ ಬಿಟ್ಟುಹೋದ ಗಿರಾಕಿಯನ್ನು ಮರಳಿ ಕರೆತರುವುದು ಅಂಗಡಿಯವನಿಗೆ ಎಷ್ಟು ಕಷ್ಟವೋ ರೈಲಿಗೂ ಅಷ್ಟೇ ಕಷ್ಟ.

ನೆಲಮಂಗಲದ ಪೇಟೆಗೆ ರೈಲಿನ ಭಾಗ್ಯ ಬಂದದ್ದು ಹಾಸನದ ಹೊಸ ಹಾದಿಯಿಂದ. ಕುಣಿಗಲು, ಶ್ರವಣಬೆಳಗೊಳಗಳ ಮೇಲೆ ಹೋಗುವ ಈ ಹಾದಿ ೨೦೧೭ರ ಮಾರ್ಚಿಯಲ್ಲಿ ಪೂರ್ತಿಯಾಗಿ ತೆರೆಯಿತು. ೧೮೮೪ರಲ್ಲಿ ತಾಲ್ಲೂಕಿಗೆ ಬಂದ ಕಂಬಿ ಊರಿಗೆ ಬರಲು ನೂರು ಮೂವತ್ತು ವರ್ಷ ಹಿಡಿಯಿತೆಂದು ಹೇಳಬಹುದು. ಹೊಸಕೋಟೆಯ ಪಟ್ಟಣ ಇನ್ನೂ ಕಾಯುತ್ತಲೇ ಇದೆ. ದೇವನಹಳ್ಳಿಯ ಹಳೆಯ ಸಂತೆಯ ಹಾದಿಯಲ್ಲಿ ೨೦೨೧ರ ಜನವರಿಯಲ್ಲಿ ವಿಮಾನ ನಿಲ್ದಾಣದವರಿಗಾಗಿ ಒಂದು ಹೊಸ ನಿಲುಗಡೆ ತೆರೆಯಿತು. ೨೦೨೨ರ ಜೂನಿನಲ್ಲಿ ಶಂಕುಸ್ಥಾಪನೆಯಾದ ಬೆಂಗಳೂರಿನ ಉಪನಗರ ರೈಲಿನ ಯೋಜನೆಯಲ್ಲಿಯೂ ದೇವನಹಳ್ಳಿಯ ಹೆಸರಿದೆ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಗಲದ ಭೇದವಿಲ್ಲ. ಎಲ್ಲ ಕಡೆಯೂ ಐದೂವರೆ ಅಡಿಯ ಕಂಬಿ. ದೇಶದ ಯಾವ ಮೂಲೆಯ ಡಬ್ಬಿಯಾದರೂ ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ಬರಬಹುದು. ಇದು ದೊಡ್ಡ ಲಾಭವೇ ಸರಿ. ಆದರೆ ಬಂದ ಗಾಡಿ ನಮ್ಮ ಊರಿನಲ್ಲಿ ನಿಲ್ಲುವುದೇ ಎಂಬುದು ಬೇರೆಯ ಪ್ರಶ್ನೆ. ಕಾರ್ಖಾನೆಗೆ ಹೋಗುವ ಹುಡುಗಿ, ಹೂವಿನ ಮೂಟೆ ಹೊತ್ತ ರೈತ, ಕಾಲೇಜಿಗೆ ಹೋಗುವ ವಿದ್ಯಾರ್ಥಿ ಇವರ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ಗಾಡಿ ಇಲ್ಲದಿದ್ದರೆ ಕಂಬಿ ಎಷ್ಟು ಅಗಲವಾದರೇನು? ಎರಡೂವರೆ ಅಡಿಯ ಆ ಸಣ್ಣ ಹಾದಿಗೆ ಈ ಒಂದು ವಿಷಯ ತಿಳಿದಿತ್ತು. ಹೊಸ ಹಾದಿಗಳ ವೇಳಾಪಟ್ಟಿಯನ್ನು ಬರೆಯುವವರು ಅದರಿಂದ ಕಲಿಯುವುದಿದೆ.

ಆ ಸಣ್ಣ ಹಾದಿಯ ಕೆಲವು ನಿಲ್ದಾಣಗಳು ಇಂದಿಗೂ ಉಳಿದಿವೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಇವುಗಳ ಹಳೆಯ ಕಟ್ಟಡಗಳನ್ನು ಪರಂಪರೆಯ ಸ್ಮಾರಕಗಳೆಂದು ಗುರುತಿಸಿ ಕಾಪಾಡುವ ಪ್ರಯತ್ನ ನಡೆದಿದೆ. ಹೆಂಚಿನ ಮಾಡು, ದಪ್ಪ ಗೋಡೆ, ಪುಟ್ಟ ಟಿಕೆಟಿನ ಕಿಂಡಿ, ಇಷ್ಟೇ ಅವುಗಳ ವೈಭವ. ರಜೆಯ ದಿನ ಮಕ್ಕಳನ್ನು ನಂದಿಬೆಟ್ಟಕ್ಕೆ ಕರೆದೊಯ್ಯುವ ಗೃಹಸ್ಥರು ದಾರಿಯಲ್ಲಿ ಅರ್ಧ ಗಳಿಗೆ ಅಲ್ಲಿಯೂ ನಿಲ್ಲಬಹುದು. ಕಟ್ಟೆಯ ಮೇಲೆ ನಿಂತು ಈಗಿನ ಕಂಬಿಯನ್ನು ತೋರಿಸಿ, ಹಿಂದೆ ಇಲ್ಲಿ ಇದರ ಅರ್ಧಕ್ಕಿಂತಲೂ ಕಿರಿದಾದ ಹಾದಿಯಿತ್ತು, ಅದರ ಮೇಲೆ ನಮ್ಮೂರಿನ ಆಲೂಗೆಡ್ಡೆಯೂ ರೇಷ್ಮೆಯೂ ಹೋಗುತ್ತಿದ್ದವು ಎಂದು ಹೇಳಿದರೆ ಸಾಕು. ಉಳಿದದ್ದನ್ನು ಮಕ್ಕಳೇ ಕೇಳಿ ತಿಳಿದುಕೊಳ್ಳುತ್ತಾರೆ.